ಎಡಕ್ಕೆ ಸರಿದ ಚೀಟಿ

ಹಾಜಿರಾಬಿಗೆ ಓದು ಬರಹ ಬರುತ್ತಿರಲಿಲ್ಲ. ಬರದೆ ಏನೂ ನಿಂತಿರಲಿಲ್ಲ. ಹಳಿಯಾಳದ ಬಸ್ ಸ್ಟ್ಯಾಂಡಿನ ಹಿಂದೆ, ಮೊದಲು ಟಾಯರ್ ಅಂಗಡಿಯಿದ್ದ ಕೋಣೆಯಲ್ಲಿ ಹೆಂಗಸರೆಲ್ಲ ಸೇರಿ ಕೌದಿ ಸಂಘ ಮಾಡಿದ ದಿನದಿಂದ, ಯಾರು ಯಾವ ಕೌದಿ ಹೊಲಿಯಬೇಕು, ಎಂಥ ಬಣ್ಣ, ಎಷ್ಟು ಉದ್ದ ಎಂಬುದೆಲ್ಲ ಅವಳ ಬಾಯಿಂದ ಹೋಗಿ ಅವಳ ಕಿವಿಗೆ ಬರುತ್ತಿತ್ತು. ಸಾಂಬ್ರಾಣಿ ಕಡೆಯ ಬಸ್ಸಿನಲ್ಲಿ ಹೋಗಿ ಇಳಿದು, ಕೇರಿ ಕೇರಿ ನಡೆದು, ಕಟ್ಟೆಯ ಮೇಲೆ ಕುಳಿತು, ಕೊಟ್ಟ ಚಹಾ ಕುಡಿದು, ಕೆಲಸದ ಮಾತನ್ನು ಕೊನೆಗೆ ಎತ್ತುವಳು. ಮೊದಲು ಕೇಳುವುದು ಬೇರೆಯದೇ. ಎಮ್ಮೆ ಗಬ್ಬವಾಯಿತೇ, ಸೊಸೆ ತವರಿನಿಂದ ಬಂದಳೇ, ಮೊಣಕಾಲು ಹೇಗಿದೆ. ಎದುರಿನವರು ಹೇಳುತ್ತ ಹೇಳುತ್ತ ತಮ್ಮ ಮನಸ್ಸಿನ ತಳಕ್ಕೆ ಹೋಗಿ ಬರುವ ತನಕ ಅವಳು ಹೂಂ ಎನ್ನುತ್ತ ಕೂತಿರುವಳು.

ಅವಳು ಹುಟ್ಟಿದ ಊರು ಸೂಪಾ ಅಣೆಕಟ್ಟಿನ ನೀರಿನಡಿ ಹೋಗಿತ್ತು. ನಿನ್ನ ಊರು ಯಾವುದು ಎಂದರೆ ಕೈ ಮಾಡಿ ತೋರಿಸಲು ಜಾಗವಿಲ್ಲ, ಬಾಯಲ್ಲೇ ಹೇಳಬೇಕು. ಹಾಗಾಗಿಯೋ ಏನೋ, ಬಾಯಲ್ಲಿ ಹೇಳಿದ್ದನ್ನು ಅವಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

ಸಂಘದ ಹೆಂಗಸರು ಸಿದ್ದಿಗಳು. ಕೆಲವರು ಹಾಜಿರಾಬಿಯಂತೆ ನಮಾಜಿನವರು, ಕೆಲವರು ಇಗರ್ಜಿಗೆ ಹೋಗುವವರು, ಕೆಲವರು ಉಳವಿಗೆ ನಡೆಯುವವರು. ಕೌದಿ ಮಾತ್ರ ಎಲ್ಲರದೂ ಒಂದೇ ಬಗೆ. ಹಳೆಯ ಸೀರೆ, ಅಂಗಿ, ಲಂಗ ಹರಿದು, ತುಂಡಿನ ಮೇಲೆ ತುಂಡಿಟ್ಟು, ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಹೊಲಿಯುತ್ತ ಬರುವುದು. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೂ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಚಿ ಹೂವಿನಂತೆ ಕೂಡಿಸುವುದು. ಅದಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಬೆತ್ತಲೆ ಇದ್ದಂತೆ. ಅದನ್ನು ಯಾರೂ ಯಾರಿಗೂ ಕೊಡುವುದಿಲ್ಲ.

ಆರ್ಡರುಗಳು ಫೋನಿನಲ್ಲಿ ಬರತೊಡಗಿದ ಮೇಲೆ ತೊಡಕು ಶುರುವಾಯಿತು. ಒಂದೇ ಕೌದಿಯನ್ನು ಇಬ್ಬರಿಗೆ ಒಪ್ಪಿಕೊಂಡದ್ದಾಯಿತು. ಮಾರಿಹೋದದ್ದರ ಫೋಟೋ ಮತ್ತೆ ಹಾಕಿದ್ದಾಯಿತು. ಆಗ ದಾಂಡೇಲಿಯಿಂದ ತರನ್ನುಮ ಬಂದಳು. ಮೆಕ್ಯಾನಿಕನ ಮಗಳು, ಡಿಗ್ರಿ ಮುಗಿಸಿದವಳು, ಮಾತಿನಲ್ಲಿ ಚುರುಕು, ಮನಸ್ಸು ಒಳ್ಳೆಯದು. ಫೋಟೋ ತೆಗೆಯುವವರು, ಗಿರಾಕಿಗಳ ಜೊತೆ ಮಾತಾಡುವವರು, ಪಾರ್ಸಲ್ ಕಟ್ಟುವವರು, ಕೇರಿಗೆ ಹೋಗುವವರು ಎಂದು ಕೆಲಸ ಹಂಚಿ, "ಇದು ನಮ್ಮ ಮಾರ್ಕೆಟಿಂಗ್ ಟೀಮ್" ಎಂದಳು. ಗೋಡೆಗೆ ಒಂದು ದೊಡ್ಡ ಬಿಳಿ ಥರ್ಮೋಕೋಲ್ ಬೋರ್ಡ್ ಹಾಕಿಸಿ ಗೆರೆ ಎಳೆದು ನಾಲ್ಕು ಮನೆ ಮಾಡಿದಳು. ಬಂದ ಆರ್ಡರ್, ಹೊಲಿಯುತ್ತಿರುವುದು, ಫೋಟೋ ಹಾಕಿದ್ದು, ಪಾರ್ಸಲ್. ಒಂದೊಂದು ಕೌದಿಗೆ ಒಂದೊಂದು ಚೀಟಿ. ಚೀಟಿ ಎಡದಿಂದ ಬಲಕ್ಕೆ ಸರಿಯುತ್ತ ಹೋಗಬೇಕು.

"ಖಾಲಾ, ನಿಮಗ ಅಕ್ಷರ ಬ್ಯಾಡ," ಎಂದು ಪ್ರತಿ ಚೀಟಿಯ ಮೇಲೂ ಹೊಲಿಯುವವಳ ಸಣ್ಣ ಫೋಟೋ ಅಂಟಿಸಿದಳು. "ಮುಖ ನೋಡ್ರಿ, ಸರಸ್ರಿ. ಅಷ್ಟ."

ಕೌದಿಯನ್ನೂ ಹೊಲಿದು ಪಾರ್ಸಲನ್ನೂ ಕಟ್ಟುವ ಮಾಲವ್ವನಿಗೆ ದಿನವೂ ಅದೇ ಚೇಷ್ಟೆ. "ಹಾಜಿರಕ್ಕಾ, ಇವತ್ತ ನನ್ನ ಮೋತಿ ಎಲ್ಲಿಗೆ ಬಂತ ನೋಡು. ಮನ್ಯಾಗೂ ಇಂಥಾದ್ದೊಂದ ಬೋರ್ಡ್ ಹಾಕಬೇಕವಾ. ನನ್ನ ಗಂಡನ ಚೀಟಿ ಕುಂತಲ್ಲೇ ಕುಂತು ಬೇರ ಬಿಡ್ತೈತಿ."

ಎಲ್ಲರೂ ನಗುವರು. ಹಾಜಿರಾಬಿಯೂ ನಗುವಳು. ಆದರೆ ಒಳಗೊಳಗೆ ಅವಳಿಗೆ ಒಂದು ದಿಗಿಲಿತ್ತು. ಎಲ್ಲವೂ ಗೋಡೆಯ ಮೇಲೆ ಕಾಣುವಾಗ ಇನ್ನು ತನ್ನ ಬಾಯಿಗೆ ಏನು ಕೆಲಸ? ಅದಕ್ಕೇ ಅವಳು ಆ ಬೋರ್ಡನ್ನು ಹಟ ಹಿಡಿದು ಕಲಿತಳು. ಫೋನಿನಲ್ಲಿ ಫೋಟೋ ತೆಗೆಯುವುದನ್ನೂ ಕಲಿತಳು. ಕೆಳಗಿನ ಕೇರಿಯ ಕಾತರಿನಾಳ ಚೀಟಿ ಅವಳು ಯಾರನ್ನೂ ಕೇಳದೆ ತಾನೇ ಸರಿಸಿದ ಮೊದಲ ಚೀಟಿ.

ಕಾತರಿನಾಳ ಗಂಡ ಸೈಮನ್ ದಾಂಡೇಲಿಯ ಗಿರಣಿಯೊಂದರಲ್ಲಿ ಗುತ್ತಿಗೆಯ ಆಳಾಗಿದ್ದವನು. ಮಳೆಗಾಲ ಹಿಡಿಯುವಾಗ ಕೆಮ್ಮು, ಎದೆನೋವಿನಿಂದ ತೀರಿಕೊಂಡ. ಮಣ್ಣಿಗೆ ಹಾಜಿರಾಬಿಯೂ ಹೋಗಿದ್ದಳು. ಆಮೇಲೆ ಸ್ವಲ್ಪ ದಿನ ಬಿಟ್ಟು, ಕೈಗೆ ಕೆಲಸವಿದ್ದರೆ ಮನಸ್ಸು ಹಗುರಾದೀತು ಎಂದು ಪುಣೆಯ ಅಂಗಡಿಯೊಂದರ ಆರ್ಡರನ್ನು ಅವಳಿಗೇ ಕೊಡಿಸಿದ್ದಳು. ನೀಲಿ ಮತ್ತು ಮಣ್ಣಿನ ಬಣ್ಣದ ದೊಡ್ಡ ಕೌದಿ ಬೇಕು ಎಂದಿದ್ದರು.

ಅವಳು ಹೋದ ದಿನ ಬಿಸಿಲು ಬಿದ್ದಿತ್ತು. ಕಾತರಿನಾಳ ಮನೆಯ ಮುಂದೆ ಹಗ್ಗದ ಮೇಲೆ ಒಂದು ಕೌದಿ. ನೀಲಿಯೂ ಇತ್ತು, ಖಾಕಿಯೂ ಇತ್ತು. ಹಾಜಿರಾಬಿಗೆ ಖುಷಿಯೋ ಖುಷಿ. ಕಟ್ಟೆಯ ಮೇಲೆ ಕೂರಲಿಲ್ಲ, ಚಹಾ ಬೇಡ ಎಂದಳು, ಚೀಲದಿಂದ ಫೋನು ತೆಗೆದಳು.

ಕಾತರಿನಾ ಒಳಗಿನಿಂದ ಬಂದು ಕೌದಿಯ ಹತ್ತಿರ ನಿಂತಳು. "ಅಕ್ಕಾ, ಇದು…"

"ತಡಿ ತಡಿ, ನಿನ್ನ ನೆಳ್ಳ ಬೀಳಾಕತ್ತೈತಿ. ಸ್ವಲ್ಪ ಆಕಡೆ ಸರಿ."

ಕಾತರಿನಾ ಸರಿದಳು. ಫೋಟೋ ಚೆನ್ನಾಗಿ ಬಂತು. ಹಾಜಿರಾಬಿ ತಿರುಗಿ ಬಸ್ಸು ಹಿಡಿದಳು. ಹಳಿಯಾಳಕ್ಕೆ ಬಂದವಳೇ ಕಾತರಿನಾಳ ಮುಖದ ಚೀಟಿಯನ್ನು ಕಿತ್ತು ಮೂರನೆಯ ಮನೆಗೆ ಅಂಟಿಸಿದಳು. ತರನ್ನುಮ ಚಪ್ಪಾಳೆ ತಟ್ಟಿದಳು. ಸಂಜೆಯೊಳಗೆ ಫೋಟೋ ಎಲ್ಲರ ಫೋನಿಗೆ ಹೋಯಿತು. ಪುಣೆಯವರು ನೋಡಿ, ಇದೇ, ಇಂಥದ್ದೇ ಬೇಕಿತ್ತು, ಬೇಗ ಕಳಿಸಿ ಎಂದರು.

ಕೌದಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಬಂತು. ಬೇರೆ ಹೆಂಗಸರು ತಾವೇ ತಂದುಕೊಟ್ಟು, ಕೋಣೆಯಲ್ಲಿ ಕೂತು, ಎಲೆಅಡಿಕೆ ಹಾಕಿಕೊಂಡು ಹೋಗುವವರು. ಕಾತರಿನಾ ಬರಲಿಲ್ಲ. ಹಾಜಿರಾಬಿಗೆ ಮೊದಲು ಮನಸ್ಸಿಗೆ ತಾಗಿದ್ದು ಅದೇ.

ಮಾಲವ್ವ ಕೌದಿ ಬಿಡಿಸಿದಳು. "ಅಯ್ಯ, ನಾಕೂ ಮೂಲಿಗೆ ಫುಲಾನ ಇಲ್ಲಲ್ಲವಾ! ಇಷ್ಟ ಚಂದ ಹೊಲದಾಕಿ ಇದನ್ಯಾಕ ಮರತ್ಲು?"

"ನೀವ ಹಾಕಿಬಿಡ್ರಿ ಮಾಲವ್ವಾ," ಎಂದಳು ತರನ್ನುಮ. "ಇವತ್ತ ಪಾರ್ಸಲ್ ಹೋಗಬೇಕು."

ಮಾಲವ್ವ ಸೂಜಿಗೆ ದಾರ ಪೋಣಿಸಿದಳು. ಹಾಜಿರಾಬಿ ಕೌದಿಯನ್ನು ತೊಡೆಯ ಮೇಲೆಳೆದುಕೊಂಡು ಕೈಯಾಡಿಸುತ್ತಿದ್ದಳು. ಒಂದು ಕಡೆ ಬಟ್ಟೆ ದಪ್ಪಗಿತ್ತು. ಬಗ್ಗಿ ನೋಡಿದಳು. ಖಾಕಿ ಅಂಗಿಯ ಜೇಬು. ಬಿಚ್ಚದೆ, ಕತ್ತರಿಸದೆ, ಬಾಯಿಯನ್ನೂ ಮುಚ್ಚದೆ ಇದ್ದ ಹಾಗೇ ಇಟ್ಟು ಸುತ್ತ ಹೊಲಿದಿತ್ತು. ಜೇಬಿನ ಮೇಲೆ ಎಣ್ಣೆಯ ಕಲೆ. ಆ ಅಂಗಿಯನ್ನು ಅವಳು ಎಷ್ಟು ಸಲ ನೋಡಿರಲಿಲ್ಲ! ಕಾತರಿನಾಳ ಮನೆಯ ಬಾಗಿಲ ಹಿಂದಿನ ಗೂಟಕ್ಕೆ ಅದು ಯಾವಾಗಲೂ ತೂಗುತ್ತಿತ್ತು. ನೀಲಿ ಎಂದರೆ ಸೈಮನ್ ಇಗರ್ಜಿಗೆ ಹಾಕಿಕೊಳ್ಳುತ್ತಿದ್ದ ಅಂಗಿ. ಗೆರೆಗೆರೆಯದು ಅವನ ಲುಂಗಿ.

ಮಾಲವ್ವನ ಕೈಯನ್ನು ಹಾಜಿರಾಬಿ ಹಿಡಿದುಕೊಂಡಳು.

"ಯಾಕಕ್ಕಾ?"

"ಸೂಜಿ ತಗಿ. ಇದು ಆರ್ಡರಿಂದಲ್ಲ. ಇದು ಸೈಮನ್‌ದು."

ಮಾಲವ್ವ ಸೂಜಿ ಎಳೆದುಕೊಂಡಳು. ತರನ್ನುಮಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಅವಳು ಬೋರ್ಡಿನ ಕಡೆ ನೋಡಿದಳು, ಫೋನಿನ ಕಡೆ ನೋಡಿದಳು.

"ಖಾಲಾ, ಅವರ ತಾವ ಕಳಿಸ್ಯಾರಲ್ಲ. ನಾವೇನ ಕಸಗೊಂಡಿಲ್ಲ."

"ಕಳಿಸ್ಯಾಳ. ಕೊಟ್ಟಿಲ್ಲ. ಕೊಡಾಕಿ ಆಗಿದ್ರ ಫುಲಾ ಹಾಕಿ ಕೊಡ್ತಿದ್ಲು."

"ಬ್ಯಾಡ ಅನ್ನಬಹುದಿತ್ತಲ್ಲ?"

"ಹೆಂಗ ಅಂತಾಳವಾ? ಆಕಿ ಬಾಯಿ ತಗದಾಗ ಆಕಡೆ ಸರಿ ಅಂದೆ ನಾ. ಫೋಟೋ ಊರೆಲ್ಲಾ ಹೋತು, ಆಕಿ ಮೋತಿ ಗ್ವಾಡಿ ಮ್ಯಾಲ ಮುಂದಕ್ಕ ಹೋತು. ಎಲ್ಲಾರೂ ನೋಡಿದ ಮ್ಯಾಲ ಬ್ಯಾಡ ಅಂದ್ರ ಸಂಘದ ಮಾತ ಹೋಗ್ತೈತಿ ಅಂತ ತನ್ನ ಎದಿ ಮ್ಯಾಲ ಕಲ್ಲ ಇಟಗೊಂಡಾಳ."

ತರನ್ನುಮ ತಲೆ ತಗ್ಗಿಸಿದಳು. "ಅಂಗಡಿಯವರ ಮುಂದ ಏನ ಹೇಳ್ಲಿ ನಾ? ಅವರ ಕಡಿಂದ ಇದ ಮೊದಲನೇ ಆರ್ಡರ್. ಮತ್ತ ಅವರು ನಮ್ಮನ್ನ ನಂಬಾಂಗಿಲ್ಲ ಖಾಲಾ."

"ನಂಬಾಂಗಿಲ್ಲ," ಎಂದಳು ಹಾಜಿರಾಬಿ. ಸುಳ್ಳು ಸಮಾಧಾನ ಹೇಳುವ ರೂಢಿ ಅವಳಿಗಿರಲಿಲ್ಲ. "ತಪ್ಪ ನನ್ನದು ಅಂತ ಹೇಳು. ನನ್ನ ಹೆಸರ ಹೇಳು."

ಎದ್ದು ಬೋರ್ಡಿನ ಹತ್ತಿರ ಹೋದಳು. ಕಾತರಿನಾ ಚೀಟಿಯೊಳಗಿಂದ ನೋಡುತ್ತಿದ್ದಳು. ರೇಷನ್ ಕಾರ್ಡಿಗೆಂದು ತೆಗೆಸಿದ ಹಳೆಯ ಫೋಟೋ, ಅದರಲ್ಲಿ ಅವಳ ಕೊರಳಲ್ಲಿ ಕರಿಮಣಿ ಇನ್ನೂ ಇತ್ತು. ಹಾಜಿರಾಬಿ ಚೀಟಿ ಕಿತ್ತಳು. ಆ ಗೋಡೆಯ ಮೇಲೆ ಅಲ್ಲಿಯವರೆಗೆ ಯಾವ ಚೀಟಿಯೂ ಹಿಂದಕ್ಕೆ ಬಂದಿರಲಿಲ್ಲ. ಎಡಕ್ಕೆ ಸರಿಸಿ, ಎರಡನೆಯ ಮನೆಯನ್ನೂ ದಾಟಿಸಿ, ಮೊದಲನೆಯದರಲ್ಲಿ ಒತ್ತಿ ಅಂಟಿಸಿದಳು. ಅಂಟು ಹೋಗಿತ್ತು. ಎರಡು ಸಲ ಬಿತ್ತು. ಮಾಲವ್ವ ಒಂದು ಗುಂಡುಸೂಜಿ ಕೊಟ್ಟಳು.

ತರನ್ನುಮ ಹೊರಗೆ ಹೋಗಿ ಫೋನು ಮಾಡಿದಳು. ಬಹಳ ಹೊತ್ತು ಅವಳು ಹೂಂ, ಹೂಂ ಎನ್ನುವುದಷ್ಟೇ ಒಳಗೆ ಕೇಳಿಸುತ್ತಿತ್ತು. ಒಳಗೆ ಬಂದು ಬೋರ್ಡಿನ ಮುಂದೆ ನಿಂತು, ಆ ಚೀಟಿಯಲ್ಲಿ ಬರೆದಿದ್ದ ಅಂಗಡಿಯ ಹೆಸರಿನ ಮೇಲೆ ಗೆರೆ ಎಳೆದಳು. ಫೋಟೋದ ಮೇಲೆ ಗೆರೆ ತಾಗದಂತೆ ನೋಡಿಕೊಂಡಳು.

ಮಧ್ಯಾಹ್ನದ ಬಸ್ಸಿಗೆ ಹಾಜಿರಾಬಿ ಕೌದಿ ಹೊತ್ತು ಹೊರಟಳು. ಕಾತರಿನಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗಂಟನ್ನು ನೋಡಿ ಮೊರ ಕೆಳಗಿಟ್ಟಳು. ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ.

"ಯಾಕ ತಂದಿ ಅಕ್ಕಾ? ಬಸ್ಸಿಗೆ ಹಾಕಿ ಬಂದು ಅತ್ತು ಮುಗಿಸಿದ್ದೆ. ಈಗ ಮತ್ತ ಮೊದಲಿಂದ ಅಳಬೇಕ?"

ತಂದುಕೊಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹಾಜಿರಾಬಿ ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಕಟ್ಟೆಯ ಮೇಲೆ ಕೂತಳು. ಗಂಟನ್ನು ತನಗೂ ಕಾತರಿನಾಳಿಗೂ ನಡುವೆ ಇಟ್ಟಳು.

"ಆ ದಿನ ಏನೋ ಹೇಳಾಕ ಬಂದಿದ್ದಿ. ನೆಳ್ಳ ಬೀಳ್ತೈತಿ ಅಂತ ನಾ ನಿನ್ನ ಸರಿಸಿದೆ. ಈಗ ಹೇಳು. ಚಹಾ ಮಾಡು, ಕೂಡು, ಹೇಳು."

ಕಾತರಿನಾ ಚಹಾ ಮಾಡಿ ತಂದಳು. ಗಂಟಿನ ಆಚೆ ಕೂತಳು. ಆಮೇಲೆ ಹೇಳಿದಳು. ಆರ್ಡರಿನ ಬಟ್ಟೆ ಹುಡುಕಲು ಪೆಟ್ಟಿಗೆ ತೆಗೆದದ್ದು, ಮೊದಲು ಕೈಗೆ ಬಂದದ್ದು ಅವನ ಅಂಗಿ, ಮಡಚಿ ಇಡಲು ಹೋಗಿ ಇಡಲಾಗದೆ ಕತ್ತರಿ ಹಿಡಿದದ್ದು. ಕೊನೆಯ ದಿನಗಳಲ್ಲಿ ಅವನು ಕೆಮ್ಮಿ ಕೆಮ್ಮಿ ಬೆಚ್ಚಗಿನದೊಂದು ಕೌದಿ ಹೊಲಿದುಕೊಡು ಎಂದದ್ದು, ಕೆಲಸದ ಗಡಿಬಿಡಿಯಲ್ಲಿ ನಾಳೆ ಎಂದದ್ದು. ಹಾಜಿರಾಬಿ ಹೂಂ ಎನ್ನುತ್ತ ಕೇಳಿದಳು. ಚಹಾ ಆರಿತು.

"ಫುಲಾ ಯಾಕ ಹಾಕ್ಲಿಲ್ಲ?" ಎಂದು ಕೊನೆಗೆ ಕೇಳಿದಳು.

"ಹಾಕಿದ್ರ ಮುಗೀತಲ್ಲ ಅಕ್ಕಾ." ಕಾತರಿನಾ ಗಂಟು ಬಿಚ್ಚಿ ಕೌದಿಯ ಜೇಬಿನೊಳಗೆ ಬೆರಳಿಟ್ಟು ತೆಗೆದಳು. "ಮುಗದ ಮ್ಯಾಲ ಏನ ಮಾಡ್ಲಿ?"

ಬಿಸಿಲು ಅಂಗಳ ದಾಟಿ ಬೇಲಿಗೆ ಹೋಯಿತು. ಬಸ್ಸಿನ ಹೊತ್ತು ಬಂದು ಹೋಯಿತು. ಹಾಜಿರಾಬಿ ಏಳಲಿಲ್ಲ. ಕಾತರಿನಾ ತಾನೇ ಎದ್ದು ಒಳಗೆ ಹೋಗಿ, ಅದೇ ಖಾಕಿಯ ಉಳಿದ ತುಂಡನ್ನೂ ಸೂಜಿಯನ್ನೂ ತಂದಳು.

"ನನ್ನ ಕೈಲೆ ಆಗಾಂಗಿಲ್ಲ. ನೀ ಹಾಕು. ಒಂದ ಮೂಲಿಗೆ ಅಷ್ಟ."

ಹಾಜಿರಾಬಿ ತುಂಡನ್ನು ಮಡಚಿದಳು, ಮತ್ತೆ ಮಡಚಿ ಉಗುರಿನಿಂದ ಗೆರೆ ಹಾಕಿದಳು. ಸಣ್ಣ ಸಣ್ಣ ಹೊಲಿಗೆ ಹಾಕಿ ಒಂದು ಮೂಲೆಗೆ ಕೂಡಿಸಿ, ದಾರವನ್ನು ಹಲ್ಲಿನಿಂದ ಕಡಿದಳು. ಕಾತರಿನಾ ಆ ಮೂಲೆಯನ್ನು ಅಂಗೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಉಳಿದ ಮೂರು ಮೂಲೆ ಹಾಗೇ ಇದ್ದ ಕೌದಿಯನ್ನು ಹೊದ್ದುಕೊಂಡು, ಜೋಳದ ಮೊರವನ್ನು ಮತ್ತೆ ಕೈಗೆತ್ತಿಕೊಂಡಳು.