ಫೋಟೋದಲ್ಲಿ ಇಲ್ಲದವರು

ಆಂಟಿಯ ಬಲಗೈ ಹೆಬ್ಬೆರಳು ಸದಾ ಉಂಗುರದ ಬೆರಳನ್ನು ಉಜ್ಜುತ್ತಿರುತ್ತಿತ್ತು. ಅಲ್ಲಿದ್ದ ಉಂಗುರ ತೆಗೆದು ವರ್ಷಗಳಾಗಿದ್ದವು. ಯುರೋಪಿನ ಯುದ್ಧದ ಸುದ್ದಿ ಬಂದರೆ ಕೂತಲ್ಲಿ ಕೂರಲಾಗದೆ ಎದ್ದು ಓಡಾಡುತ್ತಿದ್ದರು.

ಇರ್ವಿಂಗ್‌ನಲ್ಲಿ ಈ ಪರದೇಶದ ಊರಿನಲ್ಲಿ, ಅವರು ನಮ್ಮ ಪಕ್ಕದ ಮನೆಯವರು. ಧಾರವಾಡದ ಕಾಲೇಜಿನಲ್ಲಿ ಯುರೋಪಿನ ರಾಜತಾಂತ್ರಿಕ ಇತಿಹಾಸ ಕಲಿಸಿ, ನಿವೃತ್ತರಾಗಿ ಮಗನ ಮನೆಗೆ ಬಂದಿದ್ದರು. ಲಾಸ್ ಕೊಲಿನಾಸ್‌ನಿಂದ ಆಫೀಸು ಮುಗಿಸಿ ದಣಿದು ಬರುತ್ತಿದ್ದ ನನ್ನನ್ನು ಕಾರಿನಿಂದ ಇಳಿಯುವಾಗಲೇ ಕರೆದು, ಸಂಧಾನ ಸಭೆಗಳ ಫೋಟೋ ತೋರಿಸುತ್ತಿದ್ದರು.

"ಇದರಾಗ ಯಾರಿಲ್ಲ, ಅದನ್ನ ಮೊದಲ ನೋಡ್ರಿ."

ಮ್ಯೂನಿಕ್ ಒಪ್ಪಂದದ ಕಥೆ ನಾನು ಕೇಳಿದ್ದು ಅವರಿಂದಲೇ. ನಾಲ್ಕು ದೊಡ್ಡ ದೇಶಗಳು ಕೂತು ಚೆಕೊಸ್ಲೊವಾಕಿಯಾದ ಗಡಿಸೀಮೆಯನ್ನು ಜರ್ಮನಿಗೆ ಬಿಟ್ಟುಕೊಡುವಾಗ, ಆ ನಾಡಿನ ಪ್ರತಿನಿಧಿಗಳು ಹೋಟೆಲಿನಲ್ಲಿ ಕಾಯುತ್ತಿದ್ದರಂತೆ. ಶಾಂತಿ ಬಂತೆಂದು ಜನ ಚಪ್ಪಾಳೆ ತಟ್ಟಿದರು. ವರ್ಷ ತುಂಬುವುದರೊಳಗೆ ಯುದ್ಧ. ಇದನ್ನು ನಿನ್ನೆ ನಡೆದದ್ದೇನೋ ಎಂಬಂತೆ ಹೇಳುತ್ತಿದ್ದರು. ಸಣ್ಣ ದೇಶದ ಗಡಿಯನ್ನು ದೊಡ್ಡವರು ಈಗಲೂ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರಲ್ಲ ಎಂಬುದು ಅವರನ್ನು ಒಳಗೇ ಸುಡುತ್ತಿತ್ತು.

ಹೋದ ವರ್ಷ ಅವರಿಗೆ ಕ್ಯಾನ್ಸರ್ ಬಂತು; ಮೊದಲ ಸುತ್ತಿನ ಕೀಮೋದಿಂದ ಕಡಿಮೆಯಾಗಲಿಲ್ಲ. ಹ್ಯೂಸ್ಟನ್ ಆಸ್ಪತ್ರೆಗೆ ನಾನೇ ಡ್ರೈವ್ ಮಾಡಿದೆ. ಮಗ ಹಿಂದಿನ ಸೀಟಿನಲ್ಲಿ ಅವರ ಪಕ್ಕ ಕೂತ. ಆಂಟಿಯನ್ನು ಪರೀಕ್ಷಿಸಿ ಹೊರಬಂದ ಡಾಕ್ಟರನ್ನು ಅವನು ಕಾರಿಡಾರಿನಲ್ಲೇ ತಡೆದ. ಇನ್ನೊಂದು ಸುತ್ತು ಕೀಮೋ ಕೊಡಬಹುದು, ಆದರೆ ಹೆಚ್ಚು ಭರವಸೆಯಿಲ್ಲ ಎಂದರು ಡಾಕ್ಟರ್. ಕೊಡಿ, ಅಮ್ಮನಿಗೆ ಮಾತ್ರ ಇದೆಲ್ಲ ಹೇಳಬೇಡಿ ಎಂದು ಅವನು ಬೇಡಿಕೊಂಡ. ನನಗೆ ಸುಮ್ಮನೆ ನಿಲ್ಲಲಾಗಲಿಲ್ಲ.

"ಒಳಗೆ ಹೋಗಿ ಮಾತಾಡೋಣ. ಅವರನ್ನ ಬಿಟ್ಟು ಬೇಡ," ಎಂದೆ.

ನಡುವೆ ಬರಲು ನೀನ್ಯಾರು ಎಂಬಂತೆ ನೋಡಿದ. ಆಮೇಲೆ ಅವನೇ ಬಾಗಿಲು ತಳ್ಳಿದ.

ಆಂಟಿ ಎಲ್ಲ ಕೇಳಿಸಿಕೊಂಡರು. ನೋವೆಷ್ಟು, ಎಚ್ಚರವಿರುತ್ತದೆಯೇ ಎಂದು ಡಾಕ್ಟರನ್ನು ಇಂಗ್ಲಿಷಿನಲ್ಲೇ ಒಂದೊಂದಾಗಿ ವಿಚಾರಿಸಿದರು. ಬಳಿಕ ಮಗನ ತಲೆ ಮುಟ್ಟಿ, "ಸಾಕಪ್ಪ. ಮನಿಗೆ ಹೋಗೂಣು," ಎಂದರು. ಅವನು ಮಂಚದ ಸರಳಿಗೆ ಹಣೆಯಿಟ್ಟು ಅತ್ತ.

ಇರ್ವಿಂಗ್‌ಗೆ ಮರಳಿದ ಮೇಲೆ ಕೆಲವು ವಾರ ಇದ್ದರು. ಕೊನೆಯ ಸಂಜೆ ನಾನು ಹೋದಾಗ ಟಿವಿಯಲ್ಲಿ ಯುರೋಪಿನ ಕದನವಿರಾಮದ ಮಾತುಕತೆ ಮುರಿದುಬಿದ್ದ ಸುದ್ದಿ ಬರುತ್ತಿತ್ತು. ಮಗ ಟಿವಿ ಆರಿಸಲು ಎದ್ದ, ಬೇಡವೆಂದು ಕೈಯಾಡಿಸಿದರು.

"ಮತ್ತ ಮಾತಿಗೆ ಕೂಡತಾರೇನ್ರಿ ಅವರು?"

"ಕೂಡ್ತಾರೆ, ಆಂಟಿ," ಎಂದೆ.

ಬೆಳಗಾಗುವಷ್ಟರಲ್ಲಿ ಅವರಿರಲಿಲ್ಲ. ಆ ಸಭೆ ಇನ್ನೂ ಕೂಡಿಲ್ಲ. ಆಫೀಸಿಗೆ ಹೊರಡುವ ಮೊದಲು ದಿನವೂ ಸುದ್ದಿ ನೋಡುತ್ತೇನೆ.