ಲೀಲಾ ಸಿಸ್ಟರ್ ಹಾಗೆ ಹೇಳಿರಲಿಲ್ಲ

ಸೀನ, ಆಪರೇಷನ್ ದಿನ ನಿನಗೆ ಮೊಸರನ್ನ ಕೊಡಬಹುದು ಎಂದದ್ದು ಲೀಲಾ ಸಿಸ್ಟರ್ ಅಲ್ಲ. ಅದು ನಾನು ಕಟ್ಟಿದ ಸುಳ್ಳು. ಅವರ ಕೆನ್ನೆಗೆ ಹೊಡೆದದ್ದೂ ಆ ಸುಳ್ಳು ಬಯಲಾಗದಿರಲಿ ಎಂದೇ.

ಜಯನಗರದ ಆ ನರ್ಸಿಂಗ್ ಹೋಮಿನಲ್ಲಿ ನಿನಗೆ ಅಪೆಂಡಿಕ್ಸ್ ಆಪರೇಷನ್. ಬೆಳಗ್ಗೆ ನೀರೂ ಕೊಡಬೇಡಿ ಎಂದು ಸಿಸ್ಟರ್ ಹಿಂದಿನ ದಿನವೇ ಹೇಳಿದ್ದರು. ಆದರೆ ನಮ್ಮ ಶ್ರೀನಗರದ ಮನೆಯಿಂದ ಯಾರು ಯಾವ ಕೆಲಸಕ್ಕೆ ಹೊರಟರೂ ಅಮ್ಮ ಒಂದು ತುತ್ತು ಮೊಸರನ್ನ ತಿನ್ನಿಸಿಯೇ ಕಳಿಸುತ್ತಿದ್ದಳು. ಅವಳು ಹೋದ ಮೇಲೆ ಅದು ನನ್ನ ಪಾಲಿಗೆ ಬಂದಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಖಾಲಿ ಹೊಟ್ಟೆ ಯಾಕೆ ಎಂದು ಕೇಳಬಹುದಿತ್ತು—ಕೇಳಲಿಲ್ಲ.

"ಬೇಡ ಅಂದಿದಾರಲ್ಲಕ್ಕ" ಎಂದೆ ನೀನು.

"ಸಿಸ್ಟರ್‌ನ ಕೇಳ್ದೆ ಕಣೋ. ಸ್ವಲ್ಪ ಪರವಾಗಿಲ್ಲ ಅಂದ್ರು."

ಒಂದು ತುತ್ತು ಎಂದುಕೊಂಡು ಡಬ್ಬಿಯೇ ಖಾಲಿಯಾಯಿತು. ಕರೆದೊಯ್ಯುವ ಮುಂಚೆ ಸಿಸ್ಟರ್ ಕೇಳಿದಾಗ ನೀನು ಇಂಜೆಕ್ಷನ್ನಿನ ಮಂಪರಿನಲ್ಲಿದ್ದೆ. ಏನೂ ಕೊಟ್ಟಿಲ್ಲ ಎಂದೆ ನಾನು.

ಒಳಗೆ ಪ್ರಜ್ಞೆ ತಪ್ಪಿಸಿದಾಗ ನಿನಗೆ ವಾಂತಿಯಾಗಿ ಉಸಿರು ಕಟ್ಟಿತು. ಸಿಸ್ಟರ್ ನಾವು ಕಾಯುತ್ತಿದ್ದಲ್ಲಿಗೆ ಓಡಿಬಂದರು. "ಅಕ್ಕ, ಏನ್ ತಿನ್ಸಿದ್ರಿ? ನಿಜ ಹೇಳಿ." ಚಿಕ್ಕಪ್ಪ, ಅವರ ಮಕ್ಕಳು ಎಲ್ಲರೂ ನನ್ನನ್ನೇ ನೋಡಿದರು. ಭಯ—ಅಲ್ಲ, ಭಯವೊಂದೇ ಅಲ್ಲ. ನನ್ನ ತಪ್ಪು ಅವರ ಬಾಯಿಂದ ಹೊರಬರುತ್ತಿದೆಯಲ್ಲ ಎಂಬ ಸಿಟ್ಟು. ಹೊಡೆದೆ.

"ನಮ್ ಹುಡುಗನ್ನ ಸಾಯ್ಸಿ ನನ್ನ ಕೇಳ್ತೀಯ?"

ಚಿಕ್ಕಪ್ಪ ಕುರ್ಚಿ ಎತ್ತಿದರು. ಆಕೆ ಹಿಂದೆ ಸರಿಯಲಿಲ್ಲ.

"ಹೊಡೆಯೋದಿದ್ರೆ ಆಮೇಲೆ ಹೊಡೀರಿ. ಈಗ ಹೇಳಿ, ಏನ್ ಕೊಟ್ರಿ?"

ಅವರ ಕಿವಿಯಲ್ಲಿ ಹೇಳಿದೆ. ಒಳಗೆ ಓಡಿದರು.

ನೀನು ಉಳಿದೆ. ಡಾಕ್ಟರಿಗೆ ಹೇಳಬೇಕಾದದ್ದನ್ನು ಹೇಳಿದ ಆಕೆ ನಮ್ಮವರ ಮುಂದೆ ನನ್ನ ಮಾನ ತೆಗೆಯಲಿಲ್ಲ. ತಿನ್ನಬಹುದು ಎಂದವರು ಅವರೇ ಎಂದು ನಂಬಿ, ಅವರು ಬಂದರೆ ನೀನು ಮುಖ ತಿರುಗಿಸಿ ಮಲಗುತ್ತಿದ್ದೆ. ಅವರು ನಿನ್ನ ಬೆನ್ನು ತಟ್ಟಿ ಕಫ ತೆಗೆಸುತ್ತಿದ್ದರು. ಅಂಥ ಧೈರ್ಯ, ಅಂಥ ತಾಳ್ಮೆ ನಾನು ಇನ್ನೆಲ್ಲೂ ಕಂಡಿಲ್ಲ. ಕ್ಷಮಿಸಿ ಎಂದು ಒಂದು ಮಾತು—ಅದನ್ನೂ ಹೇಳಲಿಲ್ಲ. ಮನೆಯಲ್ಲಿ ಎಲ್ಲರೂ, ಅಕ್ಕ ಅಂದರೆ ಹೀಗಿರಬೇಕು ಎಂದರು. ಕೇಳಿಸಿಕೊಂಡೆ.

ಈಗ ನಿನ್ನ ಮಗಳು ನರ್ಸಿಂಗ್ ಸೇರುತ್ತೇನೆ ಎನ್ನುತ್ತಿದ್ದಾಳೆ. ನಿನ್ನೆ ಊಟದ ಹೊತ್ತಿನಲ್ಲಿ ನೀನು, "ನನ್ನ ಸಾಯ್ಸಕ್ಕೆ ಹೋಗಿದ್ದವರ ಕೆಲಸ ಅದು. ನಿಮ್ಮತ್ತೇನ ಕೇಳು" ಎಂದೆ. ಹುಡುಗಿ ನನ್ನ ಕಡೆ ನೋಡಿದಳು. ನಾನು ಸಾರು ಬಡಿಸಿದೆ.

ನಾಳೆ ಅವಳನ್ನು ಕೂರಿಸಿಕೊಂಡು ಹೇಳುತ್ತೇನೆ—ಅವಳು ಮಾಡಬೇಕೆಂದಿರುವುದು ನಿನ್ನ ಜೀವ ಉಳಿಸಿದವರ ಕೆಲಸ, ಅವರಿಗೆ ಹೊಡೆದವಳು ಅವಳ ಅತ್ತೆ ಎಂದು. ನೀನೂ ಜೊತೆಗಿರು.