ಮಲ್ಲಕ್ಕನ ಕೈಮಾತು

ಚಟ್, ಚಟ್, ಚಟ್. ಮುಂಗಾರಿಗೆ ಮೊದಲು ಧರ್ಮಪುರದ ನಮ್ಮ ಓಣಿಯಲ್ಲಿ ಬೆಳಗಿನಿಂದ ಕೇಳುತ್ತಿದ್ದುದು ಈ ಸದ್ದು. ಒಣಬೇಲಿಯೊಳಗೆ ಓತಿಕ್ಯಾತಗಳು ಓಡಾಡಿದ ಹಾಗೆ. ಬಿತ್ತನೆಯ ಕಡಲೆಕಾಯಿಯನ್ನು ಕೈಯಲ್ಲೇ ಸುಲಿಯಬೇಕು. ಮಿಲ್ಲಿಗೆ ಹಾಕಿದರೆ ಬೀಜದ ಕೆಂಪು ಸಿಪ್ಪೆ ಹರಿದು ಮೊಳಕೆ ಕೈಕೊಡುತ್ತದೆ. ಹೆಂಗಸರು ಊರ ದೊಡ್ಡ ರೈತ ಓಬಳೇಶಪ್ಪನವರ ಪಡಸಾಲೆಯಲ್ಲಿ ಸುತ್ತ ಕುಳಿತು, ಕಾಯಿಗೆ ನೀರು ಚಿಮುಕಿಸಿ, ತುದಿಯನ್ನು ಕಲ್ಲಿಗೊತ್ತಿ ಒಡೆಯುತ್ತಿದ್ದರು. ಕೈ ಕೆಲಸಕ್ಕೆ, ಬಾಯಿ ಮಾತಿಗೆ. ಓಣಿಯ ಸುದ್ದಿಯೆಲ್ಲ ಸಿಪ್ಪೆಯ ಜೊತೆ ಅಲ್ಲೇ ರಾಶಿ ಬೀಳುತ್ತಿತ್ತು.

ಇಬ್ಬರಿಗೆ ಮಾತ್ರ ಈ ಏರ್ಪಾಡು ಒಗ್ಗುತ್ತಿರಲಿಲ್ಲ. ಮಲ್ಲಕ್ಕನಿಗೆ ಮತ್ತು ಅವಳ ಅಕ್ಕ ಬರಗೇರಮ್ಮನಿಗೆ. ಬರಗೇರಮ್ಮ ಹುಟ್ಟುಕಿವುಡಿ, ಬಾಯಿಗೆ ಮಾತು ಬಂದಿರಲಿಲ್ಲ. ಚಿಕ್ಕಂದಿನಲ್ಲಿ ಕುರಿ ಕಾಯುವಾಗ ಬಯಲಿನ ಆ ಕಡೆ ಒಬ್ಬಳು, ಈ ಕಡೆ ಒಬ್ಬಳು ನಿಂತು, ಇಬ್ಬರೂ ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅವರಿಗೆ ಕೈಯೇ ಬಾಯಿ. ಹಾಗಾಗಿ ಕಾಯಿ ಸುಲಿಯಬೇಕು, ಇಲ್ಲವೇ ಮಾತಾಡಬೇಕು.

"ಲೇ ಮಲ್ಲಿ, ಅಷ್ಟೊತ್ತಿಂದ ಕೈ ಬೀಸ್ತಾ ಕುಂತಿಯಲ್ಲ, ಕಾಯಿ ತಾವೇ ಸುಲ್ಕಂತಾವಾ?" ಎಂದು ನಮ್ಮ ಅಜ್ಜಿ ಬೋರಕ್ಕ ಕೆಣಕುತ್ತಿದ್ದಳು.

"ಏನಿಲ್ಲ ಬೋರಕ್ಕ."

"ಏನಿಲ್ಲದ್ಕೆ ನಿಮ್ಮಕ್ಕ ಮೇಕೆ ಕೂಗ್ದಂಗೆ ನಗ್ತಾಳಾ? ನನ್ನ ಹಲ್ಲಿನ ವಿಷ್ಯ ತಾನೆ?"

ಅಜ್ಜಿಯ ಊಹೆ ಸರಿಯಾಗಿತ್ತು. ಕೈಮಾತಿನಲ್ಲಿ ಬೋರಕ್ಕನೆಂದರೆ ಮುಂದಿನ ಹಲ್ಲಿಗೆ ಬೆರಳು ಬಡಿಯುವುದು. ಅಕ್ಕತಂಗಿಯರ ಅಣ್ಣ ಚಿತ್ರಲಿಂಗಪ್ಪನೆಂದರೆ ಇಲ್ಲದ ಮೀಸೆಯ ತುದಿ ತಿರುವುವುದು. ಹಿರಿಯೂರಿನ ಬಸ್ಸೆಂದರೆ ಎರಡು ಮುಷ್ಟಿ ಹಿಡಿದು ಮೈಯೆಲ್ಲ ಗಡಗಡ ಅಲ್ಲಾಡಿಸುವುದು.

ಬಾಯಿ ಮಾತಿನಲ್ಲಿ ಮಲ್ಲಕ್ಕ ಬಹಳ ಮೆತ್ತಗೆ. ಹೂಂ, ಉಹೂಂ, ಆಯ್ತು. ಓಣಿಯವರು ಅವಳನ್ನು ಮಂಕು ಎಂದೇ ತಿಳಿದಿದ್ದರು. ಕೈಮಾತಿಗೆ ಇಳಿದರೆ ಅವಳೇ ಬೇರೆ. ಓಬಳೇಶಪ್ಪನವರು ಪಂಚೆ ಎತ್ತಿಕೊಂಡು ಕೆಸರು ದಾಟುವುದನ್ನು ಎರಡೇ ಬೆರಳಲ್ಲಿ ತೋರಿಸುವಳು. ಬರಗೇರಮ್ಮ ಕಣ್ಣಲ್ಲಿ ನೀರು ಬರುವವರೆಗೂ ನಗುವಳು. ಗಡಿಯಾಚೆ ಮಡಕಶಿರಾ ಕಡೆಯ ಒಂದು ಹಳ್ಳಿಗೆ ಮಲ್ಲಕ್ಕನನ್ನು ಮದುವೆ ಮಾಡಿ ಕೊಟ್ಟಿದ್ದರು. ವರ್ಷ ತುಂಬುವ ಮೊದಲೇ ತಿರುಗಿ ಬಂದಳು. ಗಂಡ ಹೊಡೆದನೇ ಎಂದು ಕೇಳಿದರೆ ಇಲ್ಲ, ಅತ್ತೆ ಊಟ ಹಾಕಲಿಲ್ಲವೇ ಎಂದರೆ ಹಾಕಿದರು. ಮತ್ತೆ ಯಾಕೆ ಬಂದೆ ಎಂಬುದಕ್ಕೆ ಅವಳ ಬಾಯಲ್ಲಿ ಉತ್ತರವಿರಲಿಲ್ಲ. ಅಕ್ಕನಿಗೆ ಮಾತ್ರ ಹೇಳಿದ್ದಳಂತೆ. ಅಲ್ಲಿ ತನ್ನ ಕೈಗೆ ಕೆಲಸ ಬಿಟ್ಟು ಇನ್ನೇನೂ ಇರಲಿಲ್ಲ ಎಂದು.

ಆ ಭಾಷೆಯ ಒಂದು ಮಾತನ್ನು ಅವಳು ನನಗೆ ಹೇಳಿಕೊಟ್ಟಿದ್ದಳು. ಬೆಳಗ್ಗೆ ಕುರಿಗಳು ಮೇಯಲು ಹೋದ ಮೇಲೆ ರೊಪ್ಪದಲ್ಲಿ ಇನ್ನೂ ಧೂಳು ಇಳಿಯುತ್ತಿರುತ್ತದೆ, ಹಿಕ್ಕೆ ಬೆಚ್ಚಗಿರುತ್ತದೆ. ಅದನ್ನು ಹೇಳಲು ಅಂಗೈಯನ್ನು ನಿಧಾನವಾಗಿ ಕೆಳಗಿಳಿಸಿ, ಬೆರಳ ತುದಿಯನ್ನು ಮೂಗಿನ ಬಳಿ ತರಬೇಕು. ಮದುವೆ ಮನೆಯಿಂದ ನೆಂಟರು ಹೋದ ಮೇಲೂ ಅದೇ ಮಾತು. ಟ್ರಾನ್ಸಿಸ್ಟರ್ ಆರಿಸಿದ ಮೇಲೆ ಸುತ್ತ ಕುಳಿತವರ ಮುಖ ನೋಡಿದರೂ ಅದೇ.

"ಬಣಬಣ ಅಂತೀವಲ್ಲ, ಅದಾ?" ಎಂದು ಕೇಳಿದ್ದೆ.

"ಅಲ್ಲ ಕಣಮ್ಮ. ಬಣಬಣ ಅಂದ್ರೆ ಏನೂ ಇಲ್ಲ ಅಂತ. ಇದು ಹಂಗಲ್ಲ. ಈಗಿನ್ನೂ ಇತ್ತು ಅಂತ." ಅಂಗೈಯನ್ನು ಮತ್ತೊಮ್ಮೆ ಇಳಿಸಿ ತೋರಿಸಿ, "ಬಾಯಾಗೆ ಸರಿಯಾಗಿ ಬರಲ್ಲ" ಎಂದಳು.

ಅವರ ಭಾಷೆಯಲ್ಲಿ 'ನಾನು' ಎಂಬುದೇ ಇರಲಿಲ್ಲ. ಹಸಿವಾದರೆ ಹೊಟ್ಟೆ ಮುಟ್ಟಿಕೊಂಡರೆ ಸಾಕು. ಇರುವವರು ಇಬ್ಬರು, ಯಾರ ಹಸಿವೆಂದು ಕಣ್ಣಿಗೇ ಕಾಣುತ್ತದೆ. ಇಬ್ಬರನ್ನೂ ಸೇರಿಸಿ ಹೇಳಲು ಮಾತ್ರ ಒಂದು ಸನ್ನೆಯಿತ್ತು. ಎರಡು ಎದೆಗಳ ನಡುವಿನ ಗಾಳಿಯಲ್ಲಿ ಅಂಗೈಯನ್ನು ಒಮ್ಮೆ ಇಡುವುದು.

ಎಪ್ಪತ್ತಾರರ ಬೇಸಿಗೆಯಲ್ಲಿ ಬರಗೇರಮ್ಮ ಜ್ವರ ಹಿಡಿದು ಮಲಗಿದಳು. ಇನ್ನು ಉಳಿಯುವುದಿಲ್ಲ ಎಂದಾಗ ಓಣಿಯ ಹೆಂಗಸರೆಲ್ಲ ಸೇರಿದರು. ನಮ್ಮಲ್ಲಿ ಸಾವಿಗೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಹತ್ತಿರದವಳು ಎದೆ ಬಡಿದುಕೊಳ್ಳದಂತೆ ಇಬ್ಬರು ಅವಳ ಎರಡು ಕೈಯನ್ನೂ ಹಿಡಿದುಕೊಳ್ಳುತ್ತಾರೆ. ಅದು ನಾವು ತೋರಿಸುವ ಅಕ್ಕರೆ. ಮಲ್ಲಕ್ಕನ ಕೈ ಮೇಲೆದ್ದದ್ದೇ ತಡ, ಒಂದು ಕಡೆಯಿಂದ ನಮ್ಮ ಅಜ್ಜಿ, ಇನ್ನೊಂದು ಕಡೆಯಿಂದ ಅವಳ ಅತ್ತಿಗೆ ಹುಚ್ಚಕ್ಕ ಭದ್ರವಾಗಿ ಹಿಡಿದರು. ಬರಗೇರಮ್ಮನಿಗೆ ಇನ್ನೂ ಜೀವವಿತ್ತು. ಅವಳ ನೋಟ ತಂಗಿಯ ಮುಖದ ಕಡೆ ಇರಲಿಲ್ಲ, ಕೈಯ ಕಡೆ ಇತ್ತು.

"ಬಿಡ್ರೇ, ಬಿಡ್ರೇ" ಎಂದು ಮಲ್ಲಕ್ಕ ಕಿರುಚಿದಳು. ಅಂಥ ಹೊತ್ತಿನಲ್ಲಿ ಎಲ್ಲರೂ ಹಾಗೆ ಕಿರುಚುವವರೇ. ಯಾರೂ ಬಿಡಲಿಲ್ಲ. ಬಿಟ್ಟಾಗ ಅಕ್ಕನ ಕಣ್ಣನ್ನು ಯಾರೋ ಮುಚ್ಚಿಯಾಗಿತ್ತು.

"ಅತ್ತು ಹೇಳಿದ್ರೆ ಸತ್ತೋರ್ಗೆ ಕೇಳುಸ್ತದಂತೆ. ಮಣ್ಣಿನ ತಾವ ಹೋಗಿ ಹೇಳ್ಕಂಡು ಬಾ" ಎಂದಳು ಅಜ್ಜಿ ಆಮೇಲೆ.

"ಅವ್ಳಿಗೆ ಇದ್ದಾಗ್ಲೇ ಕೇಳ್ತಿರ್ಲಿಲ್ಲ" ಎಂದಳು ಮಲ್ಲಕ್ಕ.

ಅಲ್ಲಿಂದ ಅವಳ ಕೈ ತಾನಾಗಿಯೇ ಮಾತಾಡತೊಡಗಿತು. ಬಾವಿಯ ಕಟ್ಟೆಯ ಮೇಲೆ, ರೊಪ್ಪದ ಬಾಗಿಲಲ್ಲಿ, ಕಡಲೆಕಾಯಿಯ ಮುಂದೆ. ಎದುರಿಗೆ ಯಾರೂ ಇರುತ್ತಿರಲಿಲ್ಲ. ಶಾಲೆಯ ಹುಡುಗಿಯರು ನಿಂತು ನೋಡುತ್ತಿದ್ದರು. ಅಕ್ಕ ಬಂದು ಮೆಟ್ಟಿಕೊಂಡಿದ್ದಾಳೆ ಎಂದು ಯಾರೋ ಆಡಿದರು, ಅದು ಮನೆಮನೆಗೂ ಹೋಯಿತು.

ಅದೇ ಸಮಯಕ್ಕೆ ಚಿತ್ರಲಿಂಗಪ್ಪನ ಮಗಳು ಚಂದ್ರಕ್ಕನನ್ನು ನೋಡಲು ಹೊಳಲ್ಕೆರೆ ಕಡೆಯವರು ಬರುವುದೆಂದು ಗೊತ್ತಾಯಿತು. ಚಂದ್ರಕ್ಕನನ್ನು ಎತ್ತಿ ಆಡಿಸಿದವಳು ಮಲ್ಲಕ್ಕ.

ಚಿತ್ರಲಿಂಗಪ್ಪ ಒಳ್ಳೆಯ ಮಾತಲ್ಲೇ ಹೇಳಿದ. "ನೋಡವ್ವಾ, ನಾನೇನೂ ಬೈಯ್ಯಕಿಲ್ಲ. ಅವ್ರು ಬಂದು ಹೋಗಗಂಟ ಕೈ ಸೆರಗಿನಾಗೆ ಮಡಿಕ್ಕ. ಈಗಿಂದ್ಲೇ ರೂಢಿ ಮಾಡ್ಕ. ಮನ್ಯಾಗೆ ತಲೆ ಕೆಟ್ಟೋಳು ಅವ್ಳೆ ಅಂದ್ಕಂಡ್ರೆ ನಮ್ಮ ಹುಡ್ಗಿ ಗತಿಯೇನು?"

"ಆಯ್ತು" ಎಂದಳು ಮಲ್ಲಕ್ಕ.

ಕೊಟ್ಟ ಮಾತಿನಂತೆ ನಡೆದಳು. ಕೆಲಸವಿದ್ದಾಗ ಕೆಲಸ, ಇಲ್ಲದಾಗ ಕೈ ಸೆರಗಿನೊಳಗೆ. ಓಣಿಯವರಿಗೆ ಸಮಾಧಾನವಾಯಿತು. ಈಗ ಎಷ್ಟೋ ವಾಸಿ ಎಂದರು. ಒಂದು ಬೆಳಗ್ಗೆ ಅವಳು ನಮ್ಮ ಹಿತ್ತಲಿಗೆ ಬಂದು ಅಜ್ಜಿಯ ಪಕ್ಕ ಕುಳಿತಳು. ಮುಖ ಬಿಳಿಚಿಕೊಂಡಿತ್ತು.

"ಬೋರಕ್ಕ, ಈಗ ರೊಪ್ಪದ ತಾವ ನಿಂತಿದ್ದೆ. ಕುರಿ ಹೋಗಿದ್ವು. ಖಾಲಿ ಇತ್ತು."

"ಹೋದ್ಮೇಲೆ ಖಾಲಿ ಇರ್ದೆ ಇನ್ನೇನು?"

"ಬರೀ ಖಾಲಿ. ಬ್ಯಾರೆ ಏನೂ ಕಾಣ್ಲಿಲ್ಲ. ಧೂಳಿತ್ತು, ಹಿಕ್ಕೆ ಇತ್ತು, ಎಲ್ಲಾ ಇದ್ವು. ಆದ್ರೆ ಅದು, ಈಗಿನ್ನೂ ಇತ್ತು ಅಂಬೋದು, ಇರ್ಲಿಲ್ಲ."

ಅಜ್ಜಿಗೆ ತಿಳಿಯಲಿಲ್ಲ. ಮಲ್ಲಕ್ಕ ಮತ್ತೆ ಪ್ರಯತ್ನಿಸಿದಳು. ಅಕ್ಕನ ಮುಖ ನೆನಪಿಗೆ ಬರುತ್ತದೆ, ಆದರೆ ಗೋಡೆಗೆ ಹಾಕಿದ ಪಟದ ಹಾಗೆ ಸುಮ್ಮನಿರುತ್ತದೆ. ತನ್ನ ಕೈ ಕಟ್ಟಿದರೆ ಅವಳ ಕೈಯೂ ಆಡುವುದಿಲ್ಲ. ದಿನವೆಲ್ಲ ಒಳಗೆ 'ನಾನು ಉಂಡೆ, ನಾನು ಕುಂತೆ, ನಾನು ಎದ್ದೆ' ಎಂದು ಬಾಯಿಮಾತೇ ಓಡುತ್ತಿರುತ್ತದೆ.

"ಆ ನಾನು ಅಂಬೋಳು ಯಾರೋ ಗೊತ್ತಿಲ್ಲ ಬೋರಕ್ಕ. ಅವ್ಳ ಜೊತೆ ಒಬ್ಳೇ ಇರಾಕೆ ಭಯ ಆಗ್ತದೆ."

"ಇನ್ನೊಂದೀಟು ದಿವ್ಸ ತಡಕ. ಮಗು ಮದ್ವೆ" ಎಂದಳು ಅಜ್ಜಿ. ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

ನೆಂಟರು ಮಧ್ಯಾಹ್ನದ ಬಸ್ಸಿಗೆ ಬಂದರು. "ಬರ್ರಿ, ಬರ್ರಿ, ಕುಂತ್ಕಳ್ರಿ" ಎಂದು ಚಿತ್ರಲಿಂಗಪ್ಪ ಕಂಬಳಿ ಹಾಸಿದ. ನಾನು ಒಳಗಿನಿಂದ ಕಾಫಿ ತಂದುಕೊಡುತ್ತಿದ್ದೆ. ಚಂದ್ರಕ್ಕ ತಲೆತಗ್ಗಿಸಿ ಕುಳಿತಳು. ಹುಡುಗನ ತಾಯಿ ಯಲ್ಲಕ್ಕ ನಗುಮೊಗದ ಹೆಂಗಸು. ಹುಡುಗಿಯ ಜಡೆಯನ್ನು ಮುಟ್ಟಿ ನೋಡಿ, "ಏನಪ್ಪ, ಇಷ್ಟುದ್ದ ಕೂದ್ಲಿಗೆ ನಿಮ್ಮೂರ ಕಡ್ಲೆಕಾಯಿ ಎಣ್ಣೆಯೆಲ್ಲಾ ಸುರುದ್ರಾ ಹೆಂಗೆ?" ಎಂದು ಎಲ್ಲರನ್ನೂ ನಗಿಸಿದಳು. ಒಪ್ಪಿಗೆಯಾಯಿತೆಂದು ಆ ನಗುವಿನಲ್ಲೇ ಗೊತ್ತಾಗುತ್ತಿತ್ತು.

ಆಗ ಅವಳ ಕಣ್ಣು ಗೋಡೆಯ ಪಕ್ಕ ಸೆರಗು ಹೊದ್ದು ಕುಳಿತಿದ್ದ ಮಲ್ಲಕ್ಕನ ಮೇಲೆ ಬಿತ್ತು.

"ಇವ್ರೇನಾಗ್ಬೇಕು ಹುಡ್ಗಿಗೆ?"

"ಸೋದರತ್ತೆ" ಎಂದಳು ಮಲ್ಲಕ್ಕ ತಾನೇ. ಆಮೇಲೆ, "ಇನ್ನೊಬ್ಳಿದ್ಲು. ನಮ್ಮಕ್ಕ. ಬ್ಯಾಸಿಗ್ಯಾಗೆ ಹೋದ್ಲು."

"ಅಯ್ಯೋ. ಹೆಂಗಿದ್ರು ಅವ್ರು?" ಯಲ್ಲಕ್ಕ ನಿಜವಾದ ಕನಿಕರದಿಂದಲೇ ಕೇಳಿದಳು.

ಹುಚ್ಚಕ್ಕ ತಾಂಬೂಲದ ತಟ್ಟೆಯನ್ನು ಹಿಡಿದು ಹಾಗೇ ನಿಂತಳು. ಮಲ್ಲಕ್ಕ ಬಾಯಿ ತೆರೆದಳು. "ಒಳ್ಳೇಳು" ಎಂದಳು. ಅದು ಸಾಲದೆಂದು ಅವಳಿಗೇ ಅನಿಸಿರಬೇಕು, ತಲೆ ಅಲ್ಲಾಡಿಸಿದಳು. ಸೆರಗಿನೊಳಗೆ ಏನೋ ಮಿಸುಕಿತು. ಚಂದ್ರಕ್ಕ ತಲೆಯೆತ್ತಿ ಅತ್ತೆಯನ್ನೇ ನೋಡುತ್ತಿದ್ದಳು.

"ಅವ್ಳಿಗೆ ಮಾತು ಬರ್ತಿರ್ಲಿಲ್ಲ ಬಿಡ್ರಿ, ಮೂಕಿ" ಎಂದು ಚಿತ್ರಲಿಂಗಪ್ಪ ಆತುರವಾಗಿ ನಡುವೆ ಬಂದ. "ಎಲೆ ಹಾಕ್ಕಳ್ರಿ, ಹಾಕ್ಕಳ್ರಿ."

"ಬರ್ತಿತ್ತು" ಎಂದಳು ಮಲ್ಲಕ್ಕ.

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಗೋಡೆಗೆ ಬೆನ್ನು ಒತ್ತಿಕೊಂಡು, ಕೈ ಊರದೆ ಎದ್ದು ನಿಂತಳು. ಸೆರಗು ಹಾಗೇ ಬಿಗಿಯಾಗಿತ್ತು. ಯಲ್ಲಕ್ಕನ ಕಡೆ ತಿರುಗಿ, "ಬರ್ತಿತ್ತವ್ವಾ, ಚೆನ್ನಾಗಿ ಬರ್ತಿತ್ತು. ನಮ್ಮಕ್ಕ ಏನಂತಿದ್ಲು ಅಂದ್ರೆ" ಎಂದಳು. ಮುಂದಿನದು ಬಾಯಲ್ಲಿ ಇರಲಿಲ್ಲ. ಚಂದ್ರಕ್ಕನನ್ನು ಒಮ್ಮೆ ನೋಡಿದಳು, ಹೊಸಿಲು ದಾಟಿದಳು.

ನಾನು ಕಾಫಿಯ ಲೋಟ ಹಿಡಿದೇ ಬಾಗಿಲಿಗೆ ಬಂದೆ. ಅವಳು ಊರ ಕಡೆ ಹೋಗಲಿಲ್ಲ. ಹೊಲದ ದಾರಿ ಹಿಡಿದಳು. ಕೊನೆಯ ಮನೆಯ ಗೋಡೆ ದಾಟುವವರೆಗೂ ಸೆರಗು ಬಿಗಿಯಾಗಿಯೇ ಇತ್ತು. ದಾಟಿದ ಮೇಲೆ ಎರಡು ಕೈಯೂ ಹೊರಗೆ ಬಂದವು. ಯಾರೂ ಇಲ್ಲದ ಬಯಲಿನಲ್ಲಿ, ನಡೆಯುತ್ತಲೇ, ಬಲಗೈ ಮೇಲೆದ್ದು ಏನೋ ಹೇಳಿತು, ಎಡಗೈ ಅದನ್ನು ಅಲ್ಲಗಳೆಯಿತು, ಆಮೇಲೆ ಎರಡೂ ಕೂಡಿ ಅವಳ ಎದೆಗೂ ಎದುರಿಗಿಲ್ಲದ ಇನ್ನೊಂದು ಎದೆಗೂ ನಡುವಿನ ಗಾಳಿಯಲ್ಲಿ ಒಮ್ಮೆ ನಿಂತವು.